ಉಸಿರು ಹಗುರಾದ ದಿನ

ನವೆಂಬರ್ 14, ಶುಕ್ರವಾರ. ಮೂಡುಬಿದಿರೆ.

ಬೆಳಿಗ್ಗೆ ಎದ್ದಾಗ ಉಸಿರಾಟ ಸಲೀಸಾಗಿತ್ತು. ಎರಡು ತಿಂಗಳಿಂದ ಮೂರು ದಿಂಬಿಗೆ ಒರಗಿ ಮಲಗುವವಳಿಗೆ ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು. ಕನ್ನಡಿಯಲ್ಲಿ ಹೊಟ್ಟೆ ಸಣ್ಣದಾದ ಹಾಗೆ ಕಂಡಿತು. ಎದೆಗೂ ಹೊಟ್ಟೆಗೂ ನಡುವೆ ಒಂದು ಕೈ ಇಡುವಷ್ಟು ಜಾಗ. ಒಳಗೆ ಮಗು ಕುಗ್ಗಿಹೋಯಿತೋ ಏನೋ.

ಅತ್ತೆಗೆ ಹೇಳಲಿಲ್ಲ. ನಾನು ನಾಲ್ಕು ನೀರುದೋಸೆ ತಿಂದದ್ದು ನೋಡಿ, "ಇವತ್ತು ಊಟ ಸೇರ್ತಾ ಉಂಟಲ್ಲ ನಿಂಗೆ" ಎಂದು ಇನ್ನೊಂದು ಹಾಕಿದರು. ಗಂಡನ ಹತ್ತಿರ ಮೆಲ್ಲ ಹೇಳಿದೆ: "ಆಸ್ಪತ್ರೆಗೆ ಹೋಗುವ. ಈಗಲೇ." ಯಾಕೆ ಎಂದು ಕೇಳದೆ ಕಾರು ತೆಗೆದರು.

ನರ್ಸ್ ಶಶಿಪ್ರಭಾ ಹೊಟ್ಟೆ ಒತ್ತಿ ನೋಡಿ ನಕ್ಕರು. "ಮಗು ಕೆಳಗೆ ಇಳಿದದ್ದು ಮಾರಾಯ್ತಿ. ಮೂವತ್ತೇಳು ವಾರ ಆಯ್ತಲ್ಲ, ತಲೆ ಸೊಂಟದ ಎಲುಬಿನೊಳಗೆ ಬಂದು ಕೂತಿದೆ. ಅದಕ್ಕೇ ಮೇಲೆ ಉಸಿರಿಗೆ ಜಾಗ ಆದದ್ದು." ಮಗುವಿನ ಎದೆಬಡಿತ ಕೇಳಿಸಿದರು. ನಾನು ಅತ್ತುಬಿಟ್ಟೆ. "ಅಲುಗಾಟ ಕಮ್ಮಿಯಾದ್ರೆ, ನೀರು ಹೋದ್ರೆ, ರಕ್ತ ಕಂಡ್ರೆ ಕೂಡಲೇ ಬಾ" ಎಂದರು.

ಈಗ ಬೇರೆಯೇ ಹೆದರಿಕೆ. ಇಷ್ಟು ದಿನ ಹೆರಿಗೆ ಎಂದರೆ ಚೀಟಿಯಲ್ಲಿ ಡಾಕ್ಟರು ಬರೆದ ತಾರೀಕು, ಅಷ್ಟೇ. ಇವತ್ತು ನಡೆದರೆ ಅಡಿಹೊಟ್ಟೆಯಲ್ಲಿ ಕಲ್ಲಿನಂಥ ಭಾರ, ಗಳಿಗೆಗೊಮ್ಮೆ ಮೂತ್ರಕ್ಕೆ ಓಡಬೇಕು. ನನ್ನನ್ನು ಒಂದು ಮಾತೂ ಕೇಳದೆ ಮಗು ಹೊರಡಲು ತಯಾರಾಗಿದೆ. ನಾನು ತಯಾರಿಲ್ಲ. ಆ ನೋವು ತಡೆಯಲು ನನ್ನಿಂದ ಆಗದಿದ್ದರೆ?

ರಾತ್ರಿ ನಿದ್ದೆ ಬಾರದೆ ಇವರನ್ನು ಎಬ್ಬಿಸಿ ಹೇಳಿಯೇಬಿಟ್ಟೆ: "ನಂಗೆ ಹೆದರಿಕೆ ಆಗ್ತದೆ."

ಎದ್ದು ಕೂತು, "ನಂಗೂ" ಎಂದರು. ನನ್ನ ಎಡಗೈ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. ಒಂದೇ ಕೈಯಲ್ಲಿ ಬರೆಯುವಾಗ ಪುಸ್ತಕ ಜಾರುತ್ತಾ ಇದೆ.