ಎಡಗಾಲು ಆರಿಸಿದ ಕ್ಲಚ್

ಮಂಗಳವಾರ, ಹದಿನಾಲ್ಕು.

ಬೆಳಗ್ಗೆ ಆಫೀಸಿನ ದಾರಿಯ ಏರಿನಲ್ಲಿ, ವೇಗದ ಹುಚ್ಚಿಗೆ ಎಂಜಿನ್ ಬಲ ಹೆಚ್ಚಿಸಿಕೊಂಡ ನನ್ನ ಕಾರಿನ ಕ್ಲಚ್ ಜಾರಿತು. ಎಂಜಿನ್ ಅರಚಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಹಿಂದೆ ಲಾರಿ. ಹೇಗೋ ಪಕ್ಕಕ್ಕೆ ಸರಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋದೆ.

ಮೆಕ್ಯಾನಿಕ್ ಎರಡು ಕ್ಲಚ್ ಮುಂದಿಟ್ಟ. ರೇಸಿನದು ಎಂಜಿನ್ನಿನ ಪೂರ್ತಿ ಬಲ ತಾಳುತ್ತದೆ, ಪೆಡಲ್ ಮಾತ್ರ ಕಲ್ಲಿನಷ್ಟು ಗಟ್ಟಿ. ಇನ್ನೊಂದು ಹಗುರ, ಆದರೆ ಅದಕ್ಕೆ ಎಂಜಿನ್ನಿನ ಬಲ ಇಳಿಸಬೇಕು. ನಾನು ರೇಸಿನದನ್ನೇ ತೋರಿಸಿದೆ.

"ಅಕ್ಕ, ದಿನಾ ಟ್ರಾಫಿಕ್ಕಲ್ಲಿ ಓಡ್ಸೋರು ನೀವು. ಎಡಗಾಲು ಯಾಕೆ ಎಳೀತಿದೀರ?"

"ಉಳುಕಿದೆ."

ಆರು ತಿಂಗಳಿಂದ ಇದೇ ಉತ್ತರ. ನರ ಸೋಲುತ್ತಿದೆಯೆಂದು ಡಾಕ್ಟರು ಹೇಳಿದ್ದು ಮನೆಯಲ್ಲಿ ಇವರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಾರು ಬಿಡಿಸುತ್ತಾರೆಂಬ ಭಯ.

ಗಟ್ಟಿ ಕ್ಲಚ್ಚಿದ್ದ ಬೇರೊಂದು ಕಾರಿನಲ್ಲಿ ಅವನು ನನ್ನನ್ನು ಕೂರಿಸಿದ. "ಒತ್ತಿ ನೋಡಿ." ಹತ್ತು ಸಲ ಒತ್ತಿದೆ. ಹನ್ನೊಂದನೆಯದಕ್ಕೆ ಕಾಲು ನಡುಗಿ ಪೆಡಲಿನಿಂದ ಜಾರಿತು. ಅವನು ಬೇರೆ ಕಡೆ ನೋಡಿದ.

"ಹಗುರದ್ದೇ ಹಾಕಪ್ಪ," ಎಂದೆ.

ಊಟಕ್ಕೆ ಕೂತಾಗ ಇವರು ಕೇಳಿದರು: "ಯಾವ ಕ್ಲಚ್ ಹಾಕಿಸ್ದೆ?"

"ಹಗುರದ್ದು."

"ನೀನಾ?" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗುವೂ ನಿಂತಿತು, ಕಣ್ಣು ನನ್ನ ಎಡಗಾಲಿಗೆ ಇಳಿಯಿತು. "ಎಷ್ಟು ದಿನದಿಂದ?" ಎಂದರು.

ಎಲ್ಲ ಹೇಳಿದೆ. ಇವರು ಅರ್ಧ ಊಟಕ್ಕೇ ತಟ್ಟೆ ಬಿಟ್ಟೆದ್ದರು. ಈಗ ಪಕ್ಕದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನಿದ್ದೆ ಹತ್ತಿಲ್ಲವೆಂದು ಉಸಿರೇ ಹೇಳುತ್ತಿದೆ. ದೀಪ ಆರಿಸಿದರೆ ಮಾತಾಡುತ್ತಾರೇನೋ. ಆರಿಸಲು ಕೈ ಬರುತ್ತಿಲ್ಲ.