ಹಜಾರದ ಕಡ್ಲೆಪುರಿ

ಅತ್ತೆ,

ನೀವು ಶಂಕರಮಠದಿಂದ ಬರೋಷ್ಟರಲ್ಲಿ ನಮ್ಮ ಹೈದರಾಬಾದ್ ರೈಲು ಹೊರಟಿರುತ್ತೆ. ಬೇಕಂತಲೇ ತಡ ಮಾಡ್ತಿದೀರ, ಗೊತ್ತು. ತನ್ಮಯಿ ಅಜ್ಜಿ ಬರಲಿ ಅಂತ ಗೇಟಿನ ಹತ್ತಿರ ನಿಂತು ಕಾದಳು.

ಬಿಪಿ ಮಾತ್ರೆ ತಿಂಡಿ ಆದಮೇಲೆ, ಮರೀಬೇಡಿ. ನಾಳೆಯಿಂದ ಹಾಲು ಒಂದೇ ಪ್ಯಾಕೆಟ್ ಸಾಕು ಅಂತ ಹೇಳಿದೀನಿ. ಇವರು ನಮ್ಮನ್ನು ರೈಲು ಹತ್ತಿಸಿ ಬರ್ತಾರೆ. ಅವರ ಮೇಲೆ ರೇಗಬೇಡಿ, ಹೋಗ್ತೀನಿ ಅಂದವಳು ನಾನು.

“ಓದಬೇಕಂದ್ರೆ ನೀನು ಹೋಗು, ಮಕ್ಕಳು ಇಲ್ಲೇ ಇರಲಿ” ಅಂದಿರಿ. ಎರಡು ವರ್ಷ ಅವರನ್ನು ಬಿಟ್ಟು ಎಂ.ಎ. ಓದೋಕೆ ನನ್ನ ಕೈಲಿ ಆಗಲ್ಲ ಅತ್ತೆ.

ಊರಿಗೆ ಹೊರಟವರ ಹಿಂದೆಯೇ ಕಸ ಗುಡಿಸಿದರೆ ಅವರು ತಿರುಗಿ ಬರಲ್ಲ ಅಂತ ನೀವು ಅಂದಾಗೆಲ್ಲ ನಕ್ಕಿದೀನಿ. ಹಜಾರದ ತುಂಬ ಪಾಪು ಚೆಲ್ಲಿದ ಕಡ್ಲೆಪುರಿ ಬಿದ್ದಿದೆ. ಪೊರಕೆ ತಗೊಂಡೆ, ಮತ್ತೆ ಮೂಲೆಗೇ ಇಟ್ಟೆ.

ನೀವೂ ಇವತ್ತು ಗುಡಿಸಬೇಡಿ.

ಸುಪ್ರಜಾ