ಮೊದಲ ಫ್ರೇಮ್ ಲೆಕ್ಕಕ್ಕಿಲ್ಲ

ಜೂನ್ 3, ಬೆಳಿಗ್ಗೆ

ಇವತ್ತೂ ರೀನೇಮ್. ಮೌಸಿನ ಬಲಗುಂಡಿ ಒತ್ತು, ಫೋಟೊಗೆ ಹೆಸರು ಹೊಡಿ, ಎಂಟರ್. ಮತ್ತೆ ಬಲಗುಂಡಿ. ಸ್ಟುಡಿಯೊ ಬಾಗಿಲು ಹಾಕಿದ ಮೇಲೆ ಆರಾಮ ಅಂದುಕೊಂಡಿದ್ದೆ. ಆರಾಮ ಅನ್ನೋದು ಇದೇ ಇರಬೇಕು. ಊರಿನವರ ಮುಖಗಳೆಲ್ಲ ಒಂದು ಡಿಸ್ಕಿನಲ್ಲಿ, ಒಂದಕ್ಕೂ ನೆಟ್ಟಗೆ ಹೆಸರಿಲ್ಲ. ಹಳೇ ಡಿಸ್ಕ್ ಕಿರ್ ಕಿರ್ ಅಂತಿತ್ತು. ರಿಪೇರಿಯವನು ಕಿವಿಯಿಟ್ಟು ಕೇಳಿ, ಡಾಕ್ಟರ ಮುಖ ಮಾಡಿ, “ಹೆಚ್ಚು ದಿನ ಇಲ್ಲ ಸಾರ್” ಅಂದಿದ್ದ. ಎಲ್ಲ ಹೊಸದಕ್ಕೆ ತುಂಬಿಸಿಕೊಟ್ಟ. ಹಳೇದು ಅಟ್ಟದ ಮೇಲಿದೆ, ಗುಜರಿಯವನು ಬರೋ ತನಕ.

ಸೊಸೆ ಹಿಂದೆ ಬಂದು ನಿಂತಳು. ಆಫೀಸಿನಲ್ಲಿ ಅವಳದು ಕಂಪ್ಯೂಟರ್ ಕೆಲಸ.

“ಮಾವ, ಹೀಗೆ ಒಂದೊಂದೇ ಮಾಡ್ತಾ ಕೂತ್ರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಸ್ಕ್ರಿಪ್ಟ್ ಬರೀರಿ. ಅದೇ ಮಾಡ್ಕೊಂಡು ಹೋಗುತ್ತೆ.”

“ಸಂಬಳ?”

“ಕೇಳಲ್ಲ.”

ಹಾಗಾದರೆ ಕಲಿಯಬಹುದು.

ಜೂನ್ 6

ಕಪ್ಪು ಪರದೆ, ಬಿಳಿ ಅಕ್ಷರ. ಡಾರ್ಕ್‌ರೂಮ್ ನೆನಪಾಯಿತು. ಅಲ್ಲೂ ಕತ್ತಲೇ. ಇವಳು, ನನ್ನ ಹೆಂಡತಿ, ಟ್ರೇ ಅಲ್ಲಾಡಿಸ್ತಾ ನಿಂತಿರೋಳು, ನೀರಲ್ಲಿ ಮುಖ ಮೂಡೋ ಹೊತ್ತಿಗೆ “ಬಂದ್ರು ನೋಡಿ ಗಿರಾಕಿ” ಅನ್ನೋಳು. ಹೋಗಿ ಎರಡು ವರ್ಷ. ಫೋಟೊ ತೊಳೆಯೋ ಡೆವಲಪರ್ ವಾಸನೆ ಇನ್ನೂ ಒಂದು ಟವೆಲ್‌ನಲ್ಲಿದೆ. ಒಗೆಯೋಕೆ ಹಾಕಿಲ್ಲ.

ಪಾಠ: ಫಾರ್, ಡೂ, ಡನ್. ಡೂ ಅಂದ್ರೆ ಶುರು, ಡನ್ ಅಂದ್ರೆ ಮುಗೀತು, ನಡುವೆ ಇರೋದು ಸಂಸಾರ. ಜಾಗ ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು. ನಮ್ಮತ್ತೆಯನ್ನ ಸಂಭಾಳಿಸಿದವನಿಗೆ ಇದೇನು ಮಹಾ.

ಜೂನ್ 11

ಓಡಿತು! ಒಂದು ಎಂಟರ್ — ಒಂದು ವರ್ಷದ ಮದುವೆಗಳೆಲ್ಲ ತಾರೀಖಿನ ಪ್ರಕಾರ ಸಾಲಾಗಿ ನಿಂತವು. ನಿಜವಾದ ಮದುವೆಯಲ್ಲಿ ಒಂದು ಮನೆಯವರನ್ನ ಸಾಲು ನಿಲ್ಲಿಸೋದಕ್ಕೇ ಗಂಟಲು ಹರಿದುಹೋಗ್ತಿತ್ತು.

ಜೂನ್ 12

ಹೊಸ ಡಿಸ್ಕ್ ತುಂಬಿದೆ. ವಿಡಿಯೊ ಹಾಕೋದು ಬಾಕಿ. ಕಸ ತೆಗೀಬೇಕು. ಕಸ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ — ಮೊದಲ ಫ್ರೇಮ್. ರೀಲಿನ ತಲೆ ಹೇಗೂ ಬೆಳಕು ತಿಂದಿರುತ್ತೆ. ಅದರಲ್ಲಿ ಲೈಟ್ ನೋಡಿಕೊಂಡು ಬಿಟ್ಟುಬಿಡೋದು. ಡಿಜಿಟಲ್ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ‘ಮೊದಲ ಫ್ರೇಮ್ ಲೆಕ್ಕಕ್ಕಿಲ್ಲ’ ಅಂತ ಕಸುಬು ಕಲಿಸಿದ ಗುರುಗಳ ಮಾತು. ಹಳೇ ನೆಗೆಟಿವ್ ಬಿಸಾಡೋ ಮುಂಚೆ ಸ್ಕ್ಯಾನ್ ಮಾಡುವಾಗ ಇವಳು ಅದನ್ನೂ ಸೇರಿಸೋಳು. ವೇಸ್ಟು ಯಾಕೆ ಅಂದ್ರೆ, “ರೀಲ್ ಪುಕ್ಕಟೆ ಬಂತಾ?”

ಪ್ರತಿ ಫೋಲ್ಡರ್‌ಗೆ ಹೋಗು, ಮೊದಲನೆಯದನ್ನ ಅಳಿಸು. ನಾಲ್ಕು ಸಾಲು, ನಾನೇ ಬರೆದೆ. ಸೊಸೆ ಫೋನಿನಲ್ಲಿ — “ಮಾವ, ಮೊದಲು ಎಕೊ ಹಾಕಿ. ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳುತ್ತೆ, ಮಾಡಲ್ಲ.”

“ನನ್ನ ಮಗನ ಥರ.”

ನಕ್ಕಳು. ಅಲ್ಲ ಅನ್ನಲಿಲ್ಲ.

ಎಕೊ ಹಾಕಿದೆ. ಹೆಸರುಗಳು ಸರಸರ ಇಳಿದವು, ಎಲ್ಲ ಒಂದನೇ ನಂಬರು. ಸರಿಯಿತ್ತು. ಎಕೊ ತೆಗೆದೆ, ಅಳಿಸೋ ಆರ್‌ಎಮ್ ಉಳಿಯಿತು. ಎಂಟರ್. ಚಹಾ ಆರೋದರೊಳಗೆ ಕೆಲಸ ಮುಗೀತು. ಮಧ್ಯಾಹ್ನ ವಿಡಿಯೊ ತುಂಬಿದೆ.

ಜೂನ್ 19

ಟೈಲರ್ ಬಂದಿದ್ದ. ಸ್ಟುಡಿಯೊ ಪಕ್ಕದಂಗಡಿಯವನು.

“ಅಣ್ಣಾ, ಆ ನೀಲಿ ಕೋಟು, ನಾನು ಮೊದಲ ಸಲ ಹೊಲಿದದ್ದು. ಅತ್ತಿಗೆ ಅದನ್ನ ಹಾಕ್ಕೊಂಡು ಕೂತಿದ್ರಲ್ಲ, ಒಂದು ಪ್ರಿಂಟ್ ಕೊಡಿ.”

“ಅವಳ ಫೋಟೊ ಎಲ್ಲಿಂದ ತರಲೋ? ಕ್ಯಾಮೆರಾ ಎತ್ತಿದ್ರೆ ‘ಗಿರಾಕಿಗೆ ತೆಗೀರಿ, ನನಗ್ಯಾಕೆ’ ಅನ್ನೋಳು. ಗೋಡೆ ಮೇಲಿರೋದೂ ಗುರುತಿನ ಚೀಟಿಯದ್ದನ್ನ ದೊಡ್ಡದು ಮಾಡಿದ್ದು.”

“ಒಳ್ಳೇ ಕಥೆ. ದಿನಾ ಕೂರಿಸ್ತಿದ್ರಲ್ಲ ಸ್ಟೂಲ್ ಮೇಲೆ? ಗಿರಾಕಿ ತಲೆ ಬಾಚ್ಕೊಳ್ಳೋಷ್ಟರಲ್ಲಿ ‘ಬಾರೇ, ಲೈಟ್ ನೋಡ್ಬೇಕು’ ಅಂತ. ನನ್ನ ಮಿಷನ್ನಿಗೂ ಕೇಳಿಸ್ತಿತ್ತು.”

ಕೂರಿಸ್ತಿದ್ದೆ, ಮೊದಲ ಫ್ರೇಮ್‌ಗೆ. ಅದನ್ನ ಫೋಟೊ ಅಂತ ಒಂದು ದಿನವೂ ಎಣಿಸಿರಲಿಲ್ಲ.

ಸಂಜೆ

ಫೋಲ್ಡರ್ ಎಲ್ಲ ತೆರೆದು ನೋಡಿದೆ. ಎಲ್ಲ ಎರಡರಿಂದ ಶುರು.

ಜೂನ್ 22

ಎರಡು ದಿನ ಬರೆದಿಲ್ಲ. ರಿಪೇರಿಯವನು — “ಹೊಸದರಲ್ಲಿ ಸಿಗಲ್ಲ ಸಾರ್, ಅದರ ಮೇಲೇ ವಿಡಿಯೊ ಕೂರಿಸಿದ್ದೀರಿ. ಹಳೇ ಡಿಸ್ಕ್ ಇದೆಯಾ?” ಇತ್ತು. ಗುಜರಿಯವನ ಸೋಮಾರಿತನಕ್ಕೆ ಕೈಮುಗಿದೆ. “ಹಾಕಿದ್ರೆ ಅದೇ ಕೊನೇ ಸಲ. ಎಲ್ಲಿಗೆ ನಿಲ್ಲುತ್ತೋ ಗೊತ್ತಿಲ್ಲ” ಅಂದ.

ಸೊಸೆ ಬರೆದುಕೊಡ್ತೀನಿ ಅಂದಳು. ಬೇಡ ಅಂದೆ. ಅದೇ ನಾಲ್ಕು ಸಾಲು. ಆರ್‌ಎಮ್ ಇದ್ದ ಕಡೆ ಸಿಪಿ. ಅಳಿಸೋ ಬದಲು ನಕಲು.

“ಮಾವ, ಯಾವ ಕಡೆಯಿಂದ? ಹಳೇ ವರ್ಷದಿಂದಲೋ, ಕೊನೇದರಿಂದಲೋ? ಪೂರ್ತಿ ಬರುತ್ತೆ ಅಂತ ನಂಬೋ ಹಾಗಿಲ್ಲ.”

ಹಳೇದು ಕಣ್ಣು ಮುಚ್ಚಿದರೂ ಬರುತ್ತೆ: ಸ್ಟುಡಿಯೊ ತೆರೆದ ದಿನ ಸ್ಟೂಲ್ ಕುಂಟ್ತಿತ್ತು, ಅದರ ಕಾಲಡಿಗೆ ಬೆಂಕಿಪೊಟ್ಟಣ ಕೊಟ್ಟು ಮಹಾರಾಣಿ ಥರ ಕೂತಿದ್ದಳು. ಕೊನೇ ವರ್ಷಗಳೇ ಬರಲ್ಲ. ಆಗ ಮೂಗಿನ ಮೇಲಿನ ಲೈಟ್ ಮಾತ್ರ ನೋಡ್ತಿದ್ದೆ.

“ಕೊನೇದರಿಂದ.”

ಸಾಲು ತಿರುವುಮುರುವು ಮಾಡೋ ಒಂದು ಅಕ್ಷರ ಹೇಳಿಕೊಟ್ಟಳು.

ಜೂನ್ 23, ಬೆಳಿಗ್ಗೆ 10

ಓಡ್ತಿದೆ. ಬಂದಬಂದದ್ದು ಪರದೆ ಮೇಲೆ ತೆರೀತಾ ಹೋಗುತ್ತೆ. ಮೊದಲು ಬಂದದ್ದು ಕೊನೇ ತಿಂಗಳಿನದು. ಶಾಲು, ಸಣ್ಣಗಾದ ಮುಖ. ಲೆನ್ಸ್ ಕಡೆ ನೋಡ್ತಿಲ್ಲ, ಅದರ ಹಿಂದೆ ಇರೋ ನನ್ನ ಕಡೆ. ಅರ್ಧ ತೆರೆದ ಬಾಯಿ — “ಆಯ್ತಾ?” ಅಂತಿರಬೇಕು. ಆಮೇಲೆ ಮಡಿಲಲ್ಲಿ ಬಟಾಣಿ, ಒಂದು ಕಾಯಿ ಅರ್ಧ ಸುಲಿದದ್ದು.

11.30

ಅವಳ ಕನ್ನಡಕ ಹೋಯಿತು. ಕೂದಲು ಕಪ್ಪಾಗ್ತಿದೆ. ನೀಲಿ ಕೋಟು ಬಂತು — ತೋಳು ಉದ್ದ, ಬೆರಳೇ ಕಾಣಲ್ಲ. ಟೈಲರ್‌ಗೆ ಹೇಳಬೇಕು. ಡಿಸ್ಕ್ ಕಿರ್ ಅಂದು ನಿಂತೇಹೋಯಿತು. ಸೊಸೆ ನನ್ನ ತೋಳು ಹಿಡಿದಳು. ಮತ್ತೆ ತಿರುಗಿತು.

1.10

ಫಿಲ್ಮ್ ಕಾಲ. ಅಂಚಿನಲ್ಲಿ ಬೆಳಕು ತಿಂದ ಬಿಳಿ, ಪಕ್ಕದಲ್ಲಿ ಇವಳು. ಶಬ್ದ ಜೋರಾಗಿದೆ. ಇನ್ನೊಂದೇ ಫೋಲ್ಡರ್, ಸ್ಟುಡಿಯೊ ತೆರೆದ ದಿನದ್ದು. ಮೇಲಿನಿಂದ ಇಳೀತಿದೆ... ತಲೆ ಬಂತು. ಕಣ್ಣು. ತಡೆದಿರೋ ನಗು. ಮಂಡಿ ಮೇಲೆ ಕೈ. ಅಲ್ಲಿಂದ ಕೆಳಗೆ ಬರೀ ಬೂದು. ಶಬ್ದ ನಿಂತಿದೆ. ಸೊಸೆ “ಮಾವ, ಮತ್ತೊಂದ್ಸಲ ನೋಡೋಣ್ವಾ?” ಅಂತಾಳೆ. ಬೇಡ. ಆ ಬೂದಿನೊಳಗೆ, ಸ್ಟೂಲಿನ ಕಾಲಡಿಗೆ ಏನಿತ್ತು ಅಂತ ನನಗೆ ಗೊತ್ತು.